ಬಾಯಿಗೆ ಹಚ್ಚುವ ಫಂಗಸ್ ಔಷಧಿ: ಎಂಜಲಿನ ಜೊತೆ ಇಳಿದುಹೋಗದಂತೆ ಹಚ್ಚುವುದು ಹೇಗೆ?

ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ, ಬಾಯಲ್ಲಿ ಮೇಲಿನ ಹಲ್ಲಿನ ಸೆಟ್ಟು. ಹೋದ ಮಳೆಗಾಲದಲ್ಲಿ ಅವರ ನಾಲಿಗೆ, ಕೆನ್ನೆಯ ಒಳಗೆಲ್ಲಾ ಬೆಳ್ಳಗೆ ಮೊಸರು ಮೆತ್ತಿದ ಹಾಗೆ ಆಗಿತ್ತು. ಡಾಕ್ಟರು ನೋಡಿ, ಇದು ಫಂಗಸ್ ಅಂದು ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಬರೆದುಕೊಟ್ಟರು. ಎಂಟು ದಿನ ಕಳೆಯಿತು. ಬಾಟಲಿ ಖಾಲಿ ಆಯಿತು, ಬಿಳಿ ಮಾತ್ರ ಹಾಗೇ ಇತ್ತು.

"ಅತ್ತೆ, ಹಚ್ಚಿದ ಮೇಲೆ ಏನು ಮಾಡ್ತಿದ್ರಿ?" ಅಂತ ಕೇಳಿದೆ.

"ಏನ್ ಮಾಡ್ತಾರೆ? ಬಾಯೆಲ್ಲಾ ಅಂಟಂಟು. ಒಂದು ಲೋಟ ಕಾಫಿ ಕುಡಿದುಬಿಡ್ತಿದ್ದೆ."

ನಾನು ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ವರ್ಷಗಟ್ಟಲೆ ಇದೇ ಬಾಟಲಿಯನ್ನು ಕವರಿಗೆ ಹಾಕಿ ಕೊಟ್ಟವನು. "ದಿನಕ್ಕೆ ಮೂರು ಸಲ ಹಚ್ಚಿ" ಅಂತ ಬಾಯಿಪಾಠ ಒಪ್ಪಿಸುತ್ತಿದ್ದೆ. ಹಚ್ಚುವುದು ಹೇಗೆ ಅಂತ ಮನೆಯವರಿಗೇ ಹೇಳಿರಲಿಲ್ಲ! ತಪ್ಪು ಅತ್ತೆಯದಲ್ಲ, ನನ್ನದು. ಅಂದು ಹೇಳಬೇಕಿದ್ದದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಔಷಧಿ ಎಲ್ಲಿಗೆ ಹೋಗಬೇಕು?

ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಗೊತ್ತಲ್ಲ? ಎದೆನೋವು ಬಂದಾಗ ಅದನ್ನು ನಾಲಿಗೆ ಅಡಿಯಲ್ಲಿ ಇಟ್ಟರೆ ಕೆಲವೇ ನಿಮಿಷದಲ್ಲಿ ಕೆಲಸ ಶುರು. ನಾಲಿಗೆ ಅಡಿಯ ಪದರ ತುಂಬಾ ತೆಳು, ಸುಮಾರು 100ರಿಂದ 200 ಮೈಕ್ರಾನ್ ಅಷ್ಟೇ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). ಅದರ ಕೆಳಗೆ ರಕ್ತನಾಳಗಳ ಬಲೆಯೇ ಇದೆ. ಅಲ್ಲಿನ ರಕ್ತ ಕುತ್ತಿಗೆಯ ದೊಡ್ಡ ನಾಳದ ಮೂಲಕ ನೇರವಾಗಿ ಹೃದಯಕ್ಕೆ ಹೋಗುತ್ತದೆ. ಹೊಟ್ಟೆಯಿಂದ ಹೋಗುವ ಔಷಧಿಯನ್ನು ಲಿವರ್ ಮೊದಲೇ ಸುಂಕದ ಕಟ್ಟೆಯ ಹಾಗೆ ತಡೆದು ಒಂದಷ್ಟನ್ನು ಒಡೆದುಹಾಕುತ್ತದೆ. ಈ ದಾರಿಯಲ್ಲಿ ಆ ಕಟ್ಟೆ ಇಲ್ಲ.

ಫಂಗಸ್ ಔಷಧಿಯೂ ಹೀಗೇ ಬಾಯಿಯಿಂದ ರಕ್ತಕ್ಕೆ ಇಳಿದು ಕೆಲಸ ಮಾಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. "ಹೀರಿಕೊಂಡಿತಲ್ಲ, ಇನ್ನು ನೀರು ಕುಡಿಯಬಹುದಾ?" ಅಂತ ಕೇಳುವವರು ಜಾಸ್ತಿ. ವಿಷಯ ಇರುವುದು ಉಲ್ಟಾ. ಬಾಯಿಗೆ ಹಚ್ಚುವ ಫಂಗಸ್ ಔಷಧಿ ರಕ್ತಕ್ಕೆ ಹೋಗಲೇಬೇಕು ಅಂತಿಲ್ಲ. ಹೋಗದಿದ್ದರೇ ಒಳ್ಳೆಯದು. ಬಾಯಲ್ಲಿ ಬಿಳಿ ಹಿಡಿಸುವ ಕ್ಯಾಂಡಿಡಾ ಅನ್ನುವ ಫಂಗಸ್ ಸಾಮಾನ್ಯವಾಗಿ ಒಳಪದರದ ಮೇಲ್ಭಾಗದಲ್ಲೇ ಬೇರು ಬಿಡುತ್ತದೆ, ಆಳಕ್ಕೆ ಇಳಿಯುವುದು ಕಡಿಮೆ. ಹಾಗಾಗಿ ಔಷಧಿಯೂ ಅಲ್ಲೇ, ಆ ಮೇಲಿನ ಪದರದಲ್ಲೇ, ಸಾಕಷ್ಟು ಹೊತ್ತು ನಿಂತುಕೊಂಡರೆ ಕೆಲಸ ಆಯಿತು.

ಅಡ್ಡಿ ಮಾಡುವುದು ಎಂಜಲು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಂಜಲು ನಮ್ಮ ಬಾಯಲ್ಲಿ ಊರುತ್ತದೆ. ಬಾಯಿಯ ಒಳಭಾಗವನ್ನೆಲ್ಲಾ ಬಿಡಿಸಿ ಹರಡಿದರೆ ಸುಮಾರು 200 ಚದರ ಸೆಂಟಿಮೀಟರ್, ಅಂದರೆ ಒಂದೂವರೆ ಪೋಸ್ಟ್‌ಕಾರ್ಡಿನಷ್ಟು ಜಾಗ. ಅಷ್ಟು ಜಾಗವನ್ನು ಎಂಜಲು ಬಿಡುವಿಲ್ಲದೆ ತೊಳೆಯುತ್ತಿರುತ್ತದೆ, ನಾವು ನುಂಗುತ್ತಿರುತ್ತೇವೆ. ಮಳೆ ಬೀಳುವಾಗ ಗೋಡೆಗೆ ಸುಣ್ಣ ಬಳಿದ ಹಾಗೆ! ಕೆಳಗೆ ಹೇಳಿರುವ ಹೆಜ್ಜೆಗಳೆಲ್ಲ ಆ ಮಳೆಯನ್ನು ಸ್ವಲ್ಪ ಹೊತ್ತು ತಡೆಯುವ ಉಪಾಯಗಳು.

ನಿಮ್ಮ ಕೈಯಲ್ಲಿರುವ ಔಷಧಿ ಯಾವ ಜಾತಿಯದು?

ಹಚ್ಚುವ ಮುಂಚೆ ಬಾಟಲಿಯ ಲೇಬಲ್ ಓದಿ. ಒಂದೊಂದು ಔಷಧಿಯ ಸ್ವಭಾವ ಒಂದೊಂದು ಥರ, ಹಚ್ಚುವ ರೀತಿಯೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ.

ನಮ್ಮಲ್ಲಿ ಜಾಸ್ತಿ ಬರೆದುಕೊಡುವುದು ಕ್ಲೋಟ್ರಿಮಜೋಲ್ 1% ಮೌತ್ ಪೇಂಟ್. ಇದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಎಣ್ಣೆ-ಕೊಬ್ಬಿನ ಕಡೆಗೆ ಒಲವಿರುವ ಅಣು. ಬಾಯಿಯ ಒಳಪದರದ ಮೇಲ್ಭಾಗದ ಜೀವಕೋಶಗಳ ನಡುವೆ ಕೊಬ್ಬಿನಂಥ ಗಾರೆ ತುಂಬಿರುತ್ತದೆ. ಇಟ್ಟಿಗೆ ಗೋಡೆಯಲ್ಲಿ ಸಿಮೆಂಟ್ ಇದ್ದ ಹಾಗೆ. ನೀರಿನಂಥ ಔಷಧಿ ಆ ಗಾರೆಯ ಒಳಗೆ ನುಗ್ಗಲಾರದು, ಆದರೆ ಕ್ಲೋಟ್ರಿಮಜೋಲ್‌ನಂಥದ್ದು ಒಳಪದರಕ್ಕೆ ಅಂಟಿಕೊಂಡು ಕೂರುತ್ತದೆ. ಚೀಪುವ 10 ಮಿ.ಗ್ರಾಂ ಮಾತ್ರೆಯಲ್ಲಿ ಇದನ್ನು ಅಳೆದು ನೋಡಿದ್ದಾರೆ. ಮಾತ್ರೆ ಪೂರ್ತಿ ಕರಗಲು ಸುಮಾರು ಅರ್ಧ ಗಂಟೆ. ಆದರೆ ಎಂಜಲಿನಲ್ಲಿ ಫಂಗಸ್ ತಡೆಯುವಷ್ಟು ಔಷಧಿ ಸುಮಾರು ಮೂರು ಗಂಟೆಯವರೆಗೆ ಇರುತ್ತದೆ. ಒಳಪದರಕ್ಕೆ ಅಂಟಿದ್ದ ಔಷಧಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬರುವುದೇ ಇದಕ್ಕೆ ಕಾರಣ. ಅಂದರೆ ನಿಮ್ಮ ಕೆನ್ನೆಯ ಒಳಗೋಡೆಯೇ ಔಷಧಿಯ ತೊಟ್ಟಿ. ತೊಟ್ಟಿ ತುಂಬುವ ಮೊದಲೇ ಕಾಫಿ ಸುರಿದರೆ ಏನು ಉಳಿಯುತ್ತದೆ ಹೇಳಿ.

ಎರಡನೆಯದು ನಿಸ್ಟಾಟಿನ್. ಇದು ದೊಡ್ಡ ಅಣು, ಕ್ಲೋಟ್ರಿಮಜೋಲ್‌ಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಭಾರ. ಒಳಪದರವನ್ನು ದಾಟಿ ರಕ್ತಕ್ಕೆ ಹೋಗುವುದಿಲ್ಲ, ನುಂಗಿದರೂ ಕರುಳು ಇದನ್ನು ಹೀರಿಕೊಳ್ಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮುಟ್ಟಿದಲ್ಲಿ ಮಾತ್ರ ಕೆಲಸ. ಫಂಗಸ್‌ನ ಹೊರಪೊರೆಯಲ್ಲಿ ಎರ್ಗೋಸ್ಟೆರಾಲ್ ಅನ್ನುವ ಕೊಬ್ಬು ಇರುತ್ತದೆ. ನಿಸ್ಟಾಟಿನ್ ಅದಕ್ಕೆ ಅಂಟಿ ತೂತು ಕೊರೆಯುತ್ತದೆ. ನಮ್ಮ ಜೀವಕೋಶಗಳಲ್ಲಿ ಅದರ ಬದಲು ಕೊಲೆಸ್ಟೆರಾಲ್ ಇರುವುದರಿಂದ ನಾವು ಬಚಾವ್.

ಈ ಔಷಧಿಯ ಕಥೆ ನನಗೆ ತುಂಬಾ ಇಷ್ಟ. 1950ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರು ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಹೆಂಗಸರು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸ. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾ ಸಂಶೋಧನೆ ಮಾಡಿದರು. ವರ್ಜೀನಿಯಾದ ಒಂದು ಹೈನು ತೋಟದ ಮಣ್ಣಿನಲ್ಲಿದ್ದ ಜೀವಿಯಿಂದ ಇದು ಸಿಕ್ಕಿತು. ನ್ಯೂಯಾರ್ಕ್ ಸ್ಟೇಟ್ ಅನ್ನುವುದರಿಂದಲೇ ನಿಸ್ಟಾಟಿನ್ ಅನ್ನುವ ಹೆಸರು. ಪೇಟೆಂಟಿನಿಂದ ಬಂದ ಕೋಟ್ಯಂತರ ಡಾಲರನ್ನು ಇಬ್ಬರೂ ತಮಗೆ ಇಟ್ಟುಕೊಳ್ಳದೆ ಸಂಶೋಧನೆಗೇ ಬಿಟ್ಟುಕೊಟ್ಟರು.

ಮೂರನೆಯದು ಮೈಕೋನಜೋಲ್ ಜೆಲ್. ಅಂಟಿಕೊಂಡು ನಿಲ್ಲುವುದರಲ್ಲಿ ಗಟ್ಟಿಗ, ಆದರೆ ಒಂದು ಅಪಾಯವೂ ಜೊತೆಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಫ್ಲುಕೋನಜೋಲ್ ಮಾತ್ರೆ ಈ ಗುಂಪಿಗೆ ಸೇರಿದ್ದೇ ಅಲ್ಲ. ಅದು ನುಂಗುವ ಔಷಧಿ, ಬಾಯಿಗೆ ಬರುವುದು ಹಿಂಬಾಗಿಲಿನಿಂದ.

ಮೊದಲು ಇದು ಫಂಗಸ್ಸೇನಾ ನೋಡಿ

ಬಾಯಲ್ಲಿ ಬಿಳಿ ಕಂಡಿದ್ದೆಲ್ಲ ಫಂಗಸ್ ಅಲ್ಲ. ಕಿಟಕಿ ಹತ್ತಿರ ಬೆಳಕಿಗೆ ನಿಂತು ಕನ್ನಡಿ ಹಿಡಿಯಿರಿ. ತೋರುಬೆರಳಿಗೆ ಒದ್ದೆ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಸುತ್ತಿ ಆ ಬಿಳಿಯನ್ನು ಮೆಲ್ಲಗೆ ಒರೆಸಿ. ಕ್ಯಾಂಡಿಡಾ ಆದರೆ ಮೊಸರಿನ ಕೆನೆ ಎದ್ದು ಬಂದ ಹಾಗೆ ಬಿಟ್ಟುಕೊಳ್ಳುತ್ತದೆ. ಕೆಳಗೆ ಕೆಂಪಗೆ, ಕೆಲವು ಸಲ ಸ್ವಲ್ಪ ರಕ್ತ ಜಿನುಗುವ ಹಾಗೆ ಇರುತ್ತದೆ. ಖಾರ ತಿಂದರೆ ಉರಿ, ಬಾಯಿ ರುಚಿ ಕೆಟ್ಟಿರುತ್ತದೆ, ತುಟಿಯ ಮೂಲೆ ಒಡೆದಿರುತ್ತದೆ.

ಎಷ್ಟು ಒರೆಸಿದರೂ ಬಿಳಿ ಹೋಗಲಿಲ್ಲವಾ? ಆಗ ಮೌತ್ ಪೇಂಟ್ ಪಕ್ಕಕ್ಕಿಡಿ. ಎಲೆ ಅಡಿಕೆ, ಗುಟ್ಕಾ, ತಂಬಾಕು ಅಭ್ಯಾಸ ಇರುವವರ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಅದು ಕ್ಯಾನ್ಸರಿಗೆ ತಿರುಗಬಹುದಾದ ಮಚ್ಚೆ ಆಗಿರಬಹುದು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗಿ, ಬಾಯಿ ಪೂರ್ತಿ ತೆರೆಯಲು ಆಗದ ಕಾಯಿಲೆಯೂ ಇದೆ. ಫಂಗಸ್ ಔಷಧಿ ಹಚ್ಚುತ್ತಾ ಇಂಥದ್ದರಲ್ಲಿ ತಿಂಗಳುಗಟ್ಟಲೆ ಕಳೆದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಕಡೆ, ಬಿಳಿಯೇ ಇಲ್ಲದೆ ಫಂಗಸ್ ಇರಬಹುದು. ಹಲ್ಲಿನ ಸೆಟ್ಟು ಕೂರುವ ಅಂಗುಳದಲ್ಲಿ ಸೆಟ್ಟಿನ ಆಕಾರಕ್ಕೇ ಕೆಂಪು ನಕ್ಷೆ ಬರೆದ ಹಾಗೆ ಕಾಣುತ್ತದೆ. ಅತ್ತೆಗೆ ಅದೂ ಇತ್ತು. ಸೆಟ್ಟು ತೆಗೆಸಿ ನೋಡುವವರೆಗೂ ಯಾರಿಗೂ ಗೊತ್ತೇ ಆಗಿರಲಿಲ್ಲ.

ಹೆಜ್ಜೆ 1: ಊಟ, ಕಾಫಿ ಎಲ್ಲಾ ಮುಗಿಸಿಕೊಳ್ಳಿ

ಔಷಧಿ ಹಚ್ಚಿದ ಮೇಲೆ ಅರ್ಧ ಗಂಟೆ ಏನೂ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಆದ್ದರಿಂದ ಮೊದಲು ಹೊಟ್ಟೆಯ ಕೆಲಸ ಮುಗಿಸಿ. ಬೆಳಿಗ್ಗೆ ತಿಂಡಿ-ಕಾಫಿ ಆದಮೇಲೆ, ಮಧ್ಯಾಹ್ನ ಊಟ ಆದಮೇಲೆ, ರಾತ್ರಿ ಮಲಗುವ ಮುಂಚೆ. ಡಾಕ್ಟರು ನಾಲ್ಕು ಸಲ ಅಂದಿದ್ದರೆ ಸಂಜೆ ಒಂದು.

ಇದರಲ್ಲಿ ರಾತ್ರಿಯದನ್ನು ಯಾವ ಕಾರಣಕ್ಕೂ ಬಿಡಬೇಡಿ. ನಿದ್ದೆಯಲ್ಲಿ ಎಂಜಲು ಊರುವುದು ನಿಂತೇಹೋಯಿತು ಅನ್ನುವಷ್ಟು ಕಡಿಮೆ ಆಗುತ್ತದೆ, ಮಾತಿಲ್ಲ, ಊಟ ಇಲ್ಲ. ಹಗಲಿನಲ್ಲಿ ಹಚ್ಚಿದ್ದಕ್ಕಿಂತ ರಾತ್ರಿ ಹಚ್ಚಿದ ಔಷಧಿ ಜಾಸ್ತಿ ಹೊತ್ತು ಕೂರುತ್ತದೆ.

ಹೆಜ್ಜೆ 2: ಜಾಗ ಸ್ವಚ್ಛ ಮಾಡಿ, ಆಮೇಲೆ ಒಣಗಿಸಿ

ಸೆಟ್ಟು ಇದ್ದರೆ ತೆಗೆಯಿರಿ. ಮೆತ್ತನೆ ಬ್ರಷ್‌ನಲ್ಲಿ ಹಲ್ಲುಜ್ಜಿ, ನೀರಿನಲ್ಲಿ ಚೆನ್ನಾಗಿ ಮುಕ್ಕಳಿಸಿ. ಅನ್ನದ ಅಗುಳು, ಕೆನೆಯಂಥ ಬಿಳಿ ಇವುಗಳ ಮೇಲೆ ಹಚ್ಚಿದರೆ ಔಷಧಿ ಅಗುಳಿಗೆ ಅಂಟುತ್ತದೆ, ಬಾಯಿಗಲ್ಲ. ಸಡಿಲ ಇರುವ ಬಿಳಿಯನ್ನು ಒದ್ದೆ ಗಾಜ್‌ನಲ್ಲಿ ಮೆಲ್ಲಗೆ ತೆಗೆಯಿರಿ. ಕೆರೆದು ಕೆರೆದು ರಕ್ತ ಬರಿಸಬೇಡಿ, ಟಂಗ್ ಕ್ಲೀನರ್ ಅಂತೂ ಬೇಡವೇ ಬೇಡ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಅದು ಒಳ್ಳೆಯದೇ, ಆದರೆ ನಿಸ್ಟಾಟಿನ್ ಜೊತೆ ಸೇರಿದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ನಡುವೆ ಅರ್ಧ ಗಂಟೆಯಾದರೂ ಅಂತರ ಇರಲಿ. ಟೂತ್‌ಪೇಸ್ಟಿನ ನೊರೆಯೂ ಬಾಯಲ್ಲಿ ಉಳಿಯಬಾರದು.

ಇನ್ನು ಒಣಗಿಸುವುದು. ಇದನ್ನು ಯಾರೂ ಮಾಡುವುದಿಲ್ಲ, ನನ್ನ ಪ್ರಕಾರ ಅರ್ಧ ಗುಟ್ಟು ಇಲ್ಲೇ ಇದೆ. ಬಾಯಲ್ಲಿರುವ ಎಂಜಲನ್ನು ಉಗುಳಿ. ಒಣ ಗಾಜ್ ಬಟ್ಟೆ ಅಥವಾ ಶುದ್ಧ ಹತ್ತಿ ಬಟ್ಟೆಯ ತುಂಡು ತೆಗೆದುಕೊಂಡು ಕೆನ್ನೆಯ ಒಳಭಾಗ, ನಾಲಿಗೆ, ಅಂಗುಳವನ್ನು ಒತ್ತಿ ಒತ್ತಿ ತೆಗೆಯಿರಿ. ಉಜ್ಜುವುದಲ್ಲ, ಒತ್ತುವುದು. ಬಾಯಲ್ಲಿ ಒಂದು ಸಲಕ್ಕೆ ಇರುವ ಎಂಜಲು ಸುಮಾರು 1 ಮಿ.ಲೀ. ಅಷ್ಟೇ. ಆದರೆ ನೀವು ಹಚ್ಚುವ ಔಷಧಿಯೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಒಣಗಿಸದೆ ಹಚ್ಚಿದರೆ ಔಷಧಿಗೆ ಹಚ್ಚುವ ಮೊದಲೇ ಅರ್ಧ ನೀರು ಬೆರೆಸಿದ ಹಾಗೆ.

ಹೆಜ್ಜೆ 3: ಹಚ್ಚುವುದು

ಕೈ ತೊಳೆದುಕೊಳ್ಳಿ. ಕ್ಲೋಟ್ರಿಮಜೋಲ್ ಪೇಂಟ್ ಆದರೆ 1 ಮಿ.ಲೀ.ಯಲ್ಲಿ 10 ಮಿ.ಗ್ರಾಂ ಔಷಧಿ ಇರುತ್ತದೆ. ಡಾಕ್ಟರು ಹೇಳಿದಷ್ಟು ಹನಿಯನ್ನು ಶುದ್ಧ ಬೆರಳಿಗೋ ಹತ್ತಿ ಕಡ್ಡಿಗೋ ಹಾಕಿಕೊಳ್ಳಿ. ನನಗೆ ಬೆರಳೇ ವಾಸಿ. ಹತ್ತಿ ತಾನೇ ಒಂದಷ್ಟನ್ನು ಕುಡಿದುಬಿಡುತ್ತದೆ. ಹನಿ ಹಾಕುವ ತುದಿಯನ್ನು ನಾಲಿಗೆಗೆ ತಾಗಿಸಬೇಡಿ, ಬಾಟಲಿಯೇ ಹಾಳು.

ಮೊದಲು ಬಿಳಿ ಕಾಣುವ ಜಾಗ. ಆಮೇಲೆ ಕೆನ್ನೆ ಮತ್ತು ಒಸಡಿನ ನಡುವಿನ ಸಂದಿ, ಎರಡೂ ಕಡೆ. ಆಮೇಲೆ ಅಂಗುಳ. ಕೊನೆಗೆ ನಾಲಿಗೆಯ ಮೇಲ್ಭಾಗ, ಅಂಚು. ನಾಲಿಗೆಯನ್ನು ಕೊನೆಗೆ ಇಟ್ಟಿದ್ದು ಯಾಕೆಂದರೆ ಅದು ಸುಮ್ನೆ ಇರುವುದಿಲ್ಲ. ಮೊದಲೇ ಅದಕ್ಕೆ ಹಚ್ಚಿದರೆ ಹಲ್ಲಿಗೆಲ್ಲಾ ಸವರಿ ನುಂಗಿಸಿಬಿಡುತ್ತದೆ. ಕೆನ್ನೆಯ ಸಂದಿಗೆ ಒತ್ತು ಕೊಟ್ಟು ಹೇಳುತ್ತಿದ್ದೇನೆ, ಅಲ್ಲಿ ಅಲುಗಾಟ ಕಡಿಮೆ, ಔಷಧಿ ಮಡು ಕಟ್ಟಿ ನಿಲ್ಲುತ್ತದೆ. ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿದ 50 ಮಿ.ಗ್ರಾಂ ಮೈಕೋನಜೋಲ್ ಮಾತ್ರೆಯನ್ನು ಇದೇ ಥರ ಮೇಲಿನ ಒಸಡು ಮತ್ತು ತುಟಿಯ ನಡುವೆ ಅಂಟಿಸುತ್ತಾರೆ. 30 ಸೆಕೆಂಡು ಹೊರಗಿನಿಂದ ತುಟಿಯನ್ನು ಒತ್ತಿ ಹಿಡಿದರೆ ಸಾಕು, ಗಂಟೆಗಟ್ಟಲೆ ಅಲ್ಲೇ ಕೂತು ಕರಗುತ್ತದೆ. ದಿನಕ್ಕೆ ಒಂದೇ ಸಲ.

ಪೇಂಟನ್ನು ನೀರಿಗೆ ಹಾಕಿ ಮುಕ್ಕಳಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ನಿಸ್ಟಾಟಿನ್ ದ್ರವ ಆದರೆ ಬಾಟಲಿಯನ್ನು ಚೆನ್ನಾಗಿ ಕುಲುಕಿ. ಔಷಧಿ ಕರಗಿರುವುದಿಲ್ಲ, ತೇಲುತ್ತಿರುತ್ತದೆ, ತಳಕ್ಕೆ ಇಳಿದಿರುತ್ತದೆ. ಕುಲುಕದೆ ತೆಗೆದರೆ ಮೊದಲ ವಾರ ಬರೀ ಸಿಹಿನೀರು, ಕೊನೆಯ ವಾರ ಗಟ್ಟಿ ಗಸಿ. 1 ಮಿ.ಲೀ.ಗೆ 1 ಲಕ್ಷ ಯೂನಿಟ್ ಇರುತ್ತದೆ. ಹೇಳಿದ ಅಳತೆಯಲ್ಲಿ ಅರ್ಧ ಒಂದು ಕೆನ್ನೆಗೆ, ಅರ್ಧ ಇನ್ನೊಂದು ಕೆನ್ನೆಗೆ ಬಿಟ್ಟು ಬಾಯಿ ಪೂರ್ತಿ ಆಡಿಸಿ, ಆದಷ್ಟು ಹೊತ್ತು ಇಟ್ಟುಕೊಂಡು ಆಮೇಲೆ ನುಂಗಿ. ನುಂಗಿದರೆ ಗಂಟಲಿಗೂ ಒಂದು ಕೈ ಹಚ್ಚಿದ ಹಾಗಾಗುತ್ತದೆ, ರಕ್ತಕ್ಕಂತೂ ಹೋಗುವುದಿಲ್ಲ. ಸಾಮಾನ್ಯವಾಗಿ ಇದರಲ್ಲಿ ಸಕ್ಕರೆ ಪಾಕ ಇರುತ್ತದೆ, ಸಕ್ಕರೆ ಕಾಯಿಲೆಯವರು ಲೇಬಲ್ ನೋಡಿಕೊಳ್ಳಿ.

ಚೀಪುವ ಕ್ಲೋಟ್ರಿಮಜೋಲ್ ಮಾತ್ರೆ ಆದರೆ ಪೆಪ್ಪರ್‌ಮಿಂಟಿನ ಹಾಗೆ ಕಡಿಯಬೇಡಿ, ನುಂಗಬೇಡಿ. ತಾನಾಗಿ ಕರಗಲಿ. ದಿನಕ್ಕೆ ಐದು ಸಲ, 14 ದಿನ ಅನ್ನುವುದು ಇದರ ಮಾಮೂಲು ಲೆಕ್ಕ. ಬಾಯಿ ಒಣಗುವ ತೊಂದರೆ ಇರುವವರಿಗೆ, ಅಂದರೆ ಕುತ್ತಿಗೆ ಭಾಗಕ್ಕೆ ರೇಡಿಯೇಷನ್ ಆದವರಿಗೆ, ಇದು ಕರಗುವುದೇ ಕಷ್ಟ. ಅವರು ಡಾಕ್ಟರ ಹತ್ತಿರ ದ್ರವ ಅಥವಾ ಜೆಲ್ ಕೇಳುವುದು ವಾಸಿ.

ಹೆಜ್ಜೆ 4: ಆ ಅರ್ಧ ಗಂಟೆ

ಹಚ್ಚಿದ ಮೇಲೆ ಮೊದಲ ಐದು ನಿಮಿಷ ಮಾತು ಕಡಿಮೆ ಮಾಡಿ. ಬಾಯಲ್ಲಿ ಎಂಜಲು ತುಂಬಿ ಬರುತ್ತದೆ, ಹೊಸದೇನೋ ಬಂತು ಅಂತ ಬಾಯಿಗೆ ಸಂಭ್ರಮ. ಪೇಂಟ್ ಆದರೆ ತೀರಾ ತುಂಬಿದ್ದನ್ನು ಉಗುಳಿ. ಸ್ವಲ್ಪ ಗಂಟಲಿಗೆ ಇಳಿದರೆ ಗಾಬರಿ ಬೇಡ. ಮುಕ್ಕಳಿಸಬೇಡಿ.

ಅತ್ತೆಗೆ ಇದೇ ದೊಡ್ಡ ಶಿಕ್ಷೆ ಆಗಿತ್ತು. ಮಾತಿಲ್ಲದೆ, ಕಾಫಿ ಇಲ್ಲದೆ ಅರ್ಧ ಗಂಟೆ! ಕೊನೆಗೆ ಅವರೇ ದಾರಿ ಕಂಡುಕೊಂಡರು. ಟೀವಿಯಲ್ಲಿ ಧಾರಾವಾಹಿ ಶುರುವಾಗುವಾಗ ಹಚ್ಚುವುದು, ಮುಗಿಯುವ ಹೊತ್ತಿಗೆ ಏಳುವುದು. ಗಡಿಯಾರ ನೋಡುವ ಕೆಲಸವೇ ಇಲ್ಲ.

ಬಿಳಿ ಹೋಯಿತು, ನಿಲ್ಲಿಸಬಹುದಾ?

ಬೇಡ. ಮೂರು-ನಾಲ್ಕು ದಿನದಲ್ಲಿ ಕಣ್ಣಿಗೆ ಕಾಣುವ ಬಿಳಿ ಹೋಗಬಹುದು, ಉರಿ ಇಳಿಯಬಹುದು. ಆದರೆ ಪದರದ ಸಂದಿಯಲ್ಲಿ ಫಂಗಸ್‌ನ ಎಳೆಗಳು ಇನ್ನೂ ಉಳಿದಿರುತ್ತವೆ. ನಿಸ್ಟಾಟಿನ್ ಆದರೆ ಎಲ್ಲಾ ಸರಿಹೋದ ಮೇಲೂ ಎರಡು ದಿನ, ಮೈಕೋನಜೋಲ್ ಜೆಲ್ ಆದರೆ ಒಂದು ವಾರ ಮುಂದುವರಿಸುವುದು ರೂಢಿ. ಪೇಂಟಿಗೆ ಡಾಕ್ಟರು ಎಷ್ಟು ದಿನ ಅಂದಿದ್ದಾರೋ ಅಷ್ಟು. ವಾರ ಕಳೆದರೂ ಒಂದಿಷ್ಟೂ ಕಡಿಮೆ ಆಗಲಿಲ್ಲ ಅಂದರೆ ಇನ್ನೊಂದು ಬಾಟಲಿ ಕೊಳ್ಳಬೇಡಿ, ಡಾಕ್ಟರ ಹತ್ತಿರ ಹೋಗಿ.

ಮೈಕೋನಜೋಲ್ ಜೆಲ್: ಹಚ್ಚುವ ಔಷಧಿ ತಾನೇ ಅನ್ನಬೇಡಿ

ಈ ಭಾಗವನ್ನು ಎರಡು ಸಲ ಓದಿ. ಜೆಲ್ ಬಾಯಲ್ಲಿ ನಿಂತು ಕೆಲಸ ಮಾಡುತ್ತದೆ, ನಿಜ. ಆದರೆ ಎಂಜಲಿನ ಜೊತೆ ಹೊಟ್ಟೆಗೆ ಇಳಿದದ್ದರಲ್ಲಿ ಸುಮಾರು ಕಾಲು ಭಾಗ ರಕ್ತಕ್ಕೆ ಸೇರುತ್ತದೆ. ರಕ್ತಕ್ಕೆ ಸೇರಿದ ಮೈಕೋನಜೋಲ್, ಬೇರೆ ಔಷಧಿಗಳನ್ನು ಒಡೆಯುವ ಲಿವರಿನ ಕಿಣ್ವಗಳ ಕೈ ಕಟ್ಟುತ್ತದೆ. ಆಗ ಆ ಬೇರೆ ಔಷಧಿಗಳು ಮೈಯಲ್ಲಿ ಜಮಾ ಆಗುತ್ತಾ ಹೋಗುತ್ತವೆ.

ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರಿಗೆ ಇದು ನಿಜವಾಗಿಯೂ ಅಪಾಯ. ಹೃದಯದ ವಾಲ್ವ್ ಬದಲಾಯಿಸಿಕೊಂಡವರು ಇವನ್ನು ಜೀವನಪೂರ್ತಿ ನುಂಗುತ್ತಿರುತ್ತಾರೆ. ಅಂಥವರು ಈ ಜೆಲ್ ಹಚ್ಚಿದರೆ ಒಸಡಿನಲ್ಲಿ, ಮೂಗಿನಲ್ಲಿ, ಕೆಲವು ಸಲ ಒಳಗೆಲ್ಲೋ ರಕ್ತಸ್ರಾವ ಆಗಬಹುದು. ಬ್ರಿಟನ್ನಿನಲ್ಲಿ ಈ ಬಗ್ಗೆ ಔಷಧಿ ನಿಯಂತ್ರಕರೇ ಡಾಕ್ಟರುಗಳಿಗೆ ಎಚ್ಚರಿಕೆ ಕಳಿಸಿದ್ದರು. ಸಕ್ಕರೆಗೆ ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗುವವರಲ್ಲಿ ಸಕ್ಕರೆ ತೀರಾ ಕೆಳಗೆ ಇಳಿಯಬಹುದು.

ಹಾಗಾಗಿ ಅಂಗಡಿಗೆ ಬಂದು "ಬಾಯಿಗೆ ಹಚ್ಚೋಕೆ ಏನಾದ್ರೂ ಕೊಡಿ" ಅಂದರೆ ನಾನು ಮೊದಲು ಕೇಳುವುದು, "ದಿನಾ ಯಾವ್ಯಾವ ಮಾತ್ರೆ ನುಂಗ್ತೀರಾ?" ಅಂತ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ.

ಹಿಂಬಾಗಿಲಿನಿಂದ ಬರುವ ಫ್ಲುಕೋನಜೋಲ್

ಕೆಲವು ಸಲ ಹಚ್ಚುವುದರಿಂದ ಆಗುವುದಿಲ್ಲ. ಫಂಗಸ್ ಗಂಟಲಿಗೆ ಇಳಿದಿದ್ದರೆ, ಮೈಯ ಶಕ್ತಿ ಕುಂದಿದ್ದರೆ, ಪದೇ ಪದೇ ಬರುತ್ತಿದ್ದರೆ ಡಾಕ್ಟರು ಫ್ಲುಕೋನಜೋಲ್ ಮಾತ್ರೆ ಬರೆಯುತ್ತಾರೆ. ಇದು ಕ್ಲೋಟ್ರಿಮಜೋಲ್‌ಗೆ ತದ್ವಿರುದ್ಧ ಸ್ವಭಾವದ್ದು. ನೀರಿನಲ್ಲಿ ಕರಗುತ್ತದೆ, ಕರುಳಿನಿಂದ 90%ಗಿಂತ ಜಾಸ್ತಿ ರಕ್ತಕ್ಕೆ ಸೇರುತ್ತದೆ. ಊಟ ಆಗಿದೆಯಾ ಇಲ್ಲವಾ ಅನ್ನುವುದೂ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಂದ ಎಂಜಲಿನ ಗ್ರಂಥಿಗಳ ಮೂಲಕ ಬಾಯಿಗೆ ಬರುತ್ತದೆ. ರಕ್ತದಲ್ಲಿ ಎಷ್ಟಿದೆಯೋ ಎಂಜಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಲ್ಲಿಯವರೆಗೆ ಔಷಧಿಯನ್ನು ತೊಳೆದು ಹಾಕುತ್ತಿದ್ದ ಎಂಜಲೇ ಈಗ ಔಷಧಿ ಹೊತ್ತು ತರುತ್ತದೆ! ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು, ಅದಕ್ಕೇ ದಿನಕ್ಕೆ ಒಂದೇ ಮಾತ್ರೆ.

ಆದರೆ ಮೈಕೋನಜೋಲ್‌ಗೆ ಹೇಳಿದ ಎಚ್ಚರಿಕೆಯೆಲ್ಲ ಇದಕ್ಕೂ ಅನ್ವಯ. ಜೊತೆಗೆ ಗರ್ಭಿಣಿಯರು, ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು, ಕೊಲೆಸ್ಟೆರಾಲ್ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ಪಕ್ಕದ ಮನೆಯವರಿಗೆ ಹುಳುಕಡ್ಡಿಗೆ ಕೊಟ್ಟ 150 ಮಿ.ಗ್ರಾಂ ಮಾತ್ರೆ ಒಂದು ಉಳಿದಿದೆ ಅಂತ ನುಂಗುವುದು ಬೇಡ.

ಸೆಟ್ಟು, ಇನ್ಹೇಲರ್, ಮಗು

ಹಲ್ಲಿನ ಸೆಟ್ಟಿನ ಅಕ್ರಿಲಿಕ್ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಕ್ಯಾಂಡಿಡಾ ಅಲ್ಲಿ ಮನೆ ಮಾಡುತ್ತದೆ. ಬಾಯಿಗೆ ಎಷ್ಟೇ ಹಚ್ಚಿ, ಸೆಟ್ಟು ಹಾಕಿದ ತಕ್ಷಣ ಮತ್ತೆ ಬಿತ್ತನೆ ಆಗುತ್ತದೆ. ಅತ್ತೆಯ ವಿಷಯದಲ್ಲಿ ಕಾಫಿಗಿಂತ ದೊಡ್ಡ ಕಳ್ಳ ಇದೇ. ಅವರು ಸೆಟ್ಟು ತೆಗೆಯದೆ ಮಲಗುತ್ತಿದ್ದರು, "ಬೊಚ್ಚುಬಾಯಿ ಯಾರೂ ನೋಡಬಾರದು" ಅಂತ. ರಾತ್ರಿ ಸೆಟ್ಟು ತೆಗೆದಿಡಲೇಬೇಕು. ಬ್ರಷ್‌ನಿಂದ ಉಜ್ಜಿ ತೊಳೆದು ಸೆಟ್ಟು ಸ್ವಚ್ಛ ಮಾಡುವ ದ್ರಾವಣದಲ್ಲಿ ಹೇಳಿದಷ್ಟು ಹೊತ್ತು ನೆನೆಸಿ. ಕ್ಲೋರಿನ್ ಇರುವ ದ್ರಾವಣ ಲೋಹದ ತಂತಿ ಇರುವ ಸೆಟ್ಟಿಗೆ ಆಗಿಬರುವುದಿಲ್ಲ. ಬಿಸಿನೀರಿಗೆ ಹಾಕಿದರೆ ಸೊಟ್ಟ ಆಗುತ್ತದೆ.

ಆಸ್ತಮಾಗೆ ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇನ್ಹೇಲರ್ ಎಳೆಯುವವರು ಪ್ರತಿ ಸಲ ಎಳೆದ ಮೇಲೆ ನೀರಿನಲ್ಲಿ ಮುಕ್ಕಳಿಸಿ ಉಗುಳಬೇಕು. ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಕೊಳವೆ) ಹಾಕಿ ಎಳೆದರೆ ಬಾಯಲ್ಲಿ ಕೂರುವ ಔಷಧಿ ಇನ್ನೂ ಕಡಿಮೆ. ಇನ್ಹೇಲರ್ ಮೊದಲು, ಮುಕ್ಕಳಿಸುವುದು ಆಮೇಲೆ, ಮೌತ್ ಪೇಂಟ್ ಕೊನೆಗೆ. ಈ ಸರದಿ ತಪ್ಪಿಸಿ, ಪೇಂಟ್ ಹಚ್ಚಿದ ಮೇಲೆ ಇನ್ಹೇಲರ್ ಎಳೆದು ಮುಕ್ಕಳಿಸಿದರೆ ಪೇಂಟೆಲ್ಲಾ ಚರಂಡಿ ಪಾಲು.

ಎಳೆಮಗುವಿನ ನಾಲಿಗೆ ಬೆಳ್ಳಗಿದ್ದರೆ ಮೊದಲು ಅದು ಹಾಲಿನ ಕಲೆಯಾ ನೋಡಿ. ಹಾಲಿನದಾದರೆ ಒರೆಸಿದರೆ ಸುಲಭವಾಗಿ ಹೋಗುತ್ತದೆ, ಕೆಂಪು ಉಳಿಯುವುದಿಲ್ಲ. ಫಂಗಸ್ ಅಂತ ಡಾಕ್ಟರು ಹೇಳಿದರೆ ಹಾಲು ಕುಡಿಸಿದ ಮೇಲೆ ಹಚ್ಚಿ. ಬೆರಳ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ, ಬಾಯಿಯ ಮುಂಭಾಗದಲ್ಲಿ, ಕೆನ್ನೆಯ ಒಳಗೆ. ಜೆಲ್ಲನ್ನು ಗಂಟಲ ಹತ್ತಿರ ಬಿಟ್ಟರೆ ಉಸಿರು ಕಟ್ಟುವ ಅಪಾಯ ಇದೆ. ನಾಲ್ಕು ತಿಂಗಳ ಒಳಗಿನ ಕೂಸಿಗೆ ಮೈಕೋನಜೋಲ್ ಜೆಲ್ ಬೇಡ ಅನ್ನುವುದು ಇದೇ ಕಾರಣಕ್ಕೆ. ತಾಯಿಯ ಮೊಲೆತೊಟ್ಟು ಉರಿಯುತ್ತಿದ್ದರೆ ಇಬ್ಬರಿಗೂ ಒಟ್ಟಿಗೆ ಔಷಧಿ ಬೇಕಾಗುತ್ತದೆ. ಇಲ್ಲದಿದ್ದರೆ ಮಗುವಿನಿಂದ ತಾಯಿಗೆ, ತಾಯಿಯಿಂದ ಮಗುವಿಗೆ ತಿರುಗುತ್ತಲೇ ಇರುತ್ತದೆ.

ಅಜ್ಜಿಯರ ಕಾಲದಿಂದ ಬಂದಿರುವ ಬಿಳಿಗಾರ-ಜೇನುತುಪ್ಪದ ಲೇಪ ಮಾತ್ರ ಬೇಡ. ಬಿಳಿಗಾರ ಅಂದರೆ ಬೋರಾಕ್ಸ್, ಕೂಸಿನ ಮೈಗೆ ವಿಷ. ಜೇನುತುಪ್ಪವನ್ನು ಒಂದು ವರ್ಷದ ಒಳಗೆ ಕೊಡಲೇಬಾರದು, ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣು ಕೂಸಿನ ಹೊಟ್ಟೆಯಲ್ಲಿ ಬೆಳೆಯಬಹುದು. ಅಜ್ಜಿಗೆ ಬೇಸರ ಆಗದ ಹಾಗೆ ಹೇಳುವುದು ನಿಮ್ಮ ಜಾಣ್ಮೆ.

ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದದ್ದು

ನುಂಗುವಾಗ ಎದೆಯ ನಡುವೆ ಸಿಕ್ಕಿಕೊಂಡ ಹಾಗೆ ನೋವಾದರೆ ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು. ಅದಕ್ಕೆ ಪೇಂಟ್ ತಲುಪುವುದಿಲ್ಲ. ಜ್ವರ ಬಂದರೆ, ಕ್ಯಾನ್ಸರಿಗೆ ಕೀಮೋ ನಡೆಯುತ್ತಿದ್ದರೆ ಕಾಯಬೇಡಿ. ಯಾವ ಕಾರಣವೂ ಕಾಣದೆ ಗಟ್ಟಿಮುಟ್ಟಾದ ದೊಡ್ಡವರ ಬಾಯಲ್ಲಿ ಬಿಳಿ ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಹೇಳಬಹುದು. ಸಂಕೋಚ ಬೇಡ, ಮಾಡಿಸಿ. ಅತ್ತೆಯ ಸಕ್ಕರೆಯೂ ಆಗ ಹತೋಟಿ ತಪ್ಪಿತ್ತು. ಅದು ಇಳಿಯುವವರೆಗೆ ಬಾಯಿ ಪೂರ್ತಿ ಸರಿಹೋಗಲಿಲ್ಲ.

ಎರಡನೇ ಬಾಟಲಿ ಅರ್ಧ ಆಗುವ ಹೊತ್ತಿಗೆ ಅವರ ನಾಲಿಗೆ ಕೆಂಪಗಾಗಿತ್ತು. ಈಗ ಅವರ ಮಂಚದ ಪಕ್ಕ ಮುಚ್ಚಳ ಇರುವ ಒಂದು ಸ್ಟೀಲ್ ಡಬ್ಬಿ ಇದೆ, ರಾತ್ರಿ ಒಂಬತ್ತೂವರೆಗೆ ಸೆಟ್ಟು ಅದರೊಳಗೆ. ಅದಾದ ಮೇಲೆ ಯಾರಾದರೂ ಬಾಗಿಲು ತಟ್ಟಿದರೆ ಅತ್ತೆ ಒಳಗಿನಿಂದ "ಹ್ಞೂಂ" ಅನ್ನುತ್ತಾರೆ, ಅಷ್ಟೇ.